ಶೀಟ್ ಅಂದರೆ ಹಾಳೆಯಲ್ಲ: ಹಾಯಿಹಡಗಿನ ಮಾತುಗಳಿಗೆ ಕನ್ನಡದಲ್ಲಿ ಏನಂತಾರೆ?

ಕರಡುತಿದ್ದಿ_ಪುಣೆ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಕರಾವಳಿಯ ಹಾಯಿಹಡಗುಗಳ ಬಗ್ಗೆ ಮಕ್ಕಳ ಚಿತ್ರಪುಸ್ತಕವೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಒಂದು ಸಾಲು ಹೀಗಿದೆ: “ಬಿರುಗಾಳಿ ಬಂದಾಗ ನಾವಿಕನು ಹಾಳೆಯನ್ನು ಸಡಿಲಿಸಿ, ಅಂಗಳವನ್ನು ಕೆಳಗಿಳಿಸಿದನು.” ಹಾಳೆ ಅಂದರೆ ಶೀಟ್, ಅಂಗಳ ಅಂದರೆ ಯಾರ್ಡ್. ನಿಘಂಟು ನೋಡಿ ಮಾಡಿದ ಅನುವಾದ, ಪಾಪ. ಇವೆರಡೂ ಹಡಗಿನ ಮೇಲೆ ಬೇರೇನೋ ಅನ್ನುವಷ್ಟು ಮಾತ್ರ ನನಗೆ ಗೊತ್ತು. ಸಂಸ್ಕೃತದಿಂದ ಹೊಸದಾಗಿ ಟಂಕಿಸಿದ ಪದ ಬೇಡ. ಕಡಲ ಕಡೆಯವರು ನಿಜವಾಗಿ ಆಡುವ ಮಾತು ಬೇಕು. ಮುಂಬೈ, ಗೋವಾ ಕಡೆಯವರು ದಯವಿಟ್ಟು ಹೇಳಿ.

ಮಝಗಾಂವ್_ಗೋದಿ

“ಅಂಗಳವನ್ನು ಕೆಳಗಿಳಿಸಿದನು” ಓದಿ ಚಹಾ ನೆತ್ತಿಗೇರಿತು ಮಾರಾಯ್ರೆ.

ಮೊದಲು ನಾಲ್ಕು ಪದ ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ ಸಲೀಸು.

ಹಾಯಿ: ಗಾಳಿ ಹಿಡಿಯುವ ಬಟ್ಟೆ. ಮರಾಠಿ, ಕೊಂಕಣಿಯಲ್ಲಿ ಶೀಡ್. ಕೂವೆ, ಕೂವೆಮರ: ಹಡಗಿನ ನಡುವೆ ನಿಲ್ಲುವ ಕಂಬ. ಮುಂಬೈಯ ಕೋಳಿ ಸಮುದಾಯದ ಮೀನುಗಾರರ ಬಾಯಲ್ಲಿ ಡೋಲಕಾಠಿ. ಪರ್ಬಾಣ: ನಿಮ್ಮ “ಅಂಗಳ” ಇದೇ. ಹಾಯಿಯ ಮೇಲಂಚನ್ನು ಉದ್ದಕ್ಕೂ ಕಟ್ಟಿರುವ, ಕೂವೆಯ ತುದಿಯಿಂದ ಓರೆಯಾಗಿ ತೂಗುವ ಉದ್ದನೆಯ ಗಳ. ಗುಜರಾತಿಯಲ್ಲಿ ಪರ್ಮಾಣ, ಅರಬ್ಬರಲ್ಲಿ ಫರ್ಮಾನ್, ಮರಾಠಿಯಲ್ಲಿ ಪರ್ಬಾಣ. ದಾಮನ್: ನಿಮ್ಮ “ಹಾಳೆ”. ಹಾಯಿಯ ಹಿಂದಿನ ಕೆಳಮೂಲೆಗೆ ಕಟ್ಟಿದ ಹಗ್ಗ ಅದು. ಎಳೆದರೆ ಹಾಯಿ ಬಿಗಿದು ಗಾಳಿ ಹಿಡಿಯುತ್ತದೆ, ಬಿಟ್ಟರೆ ಗಾಳಿ ಸೋರಿಹೋಗುತ್ತದೆ. ಪಾರಸಿಯಲ್ಲಿ ದಾಮನ್ ಅಂದರೆ ಸೆರಗು, ಅಂಚು. ಸೆರಗಿನ ತುದಿ ಹಿಡಿದೆಳೆಯುವ ಹಗ್ಗ ಅಂತ ನೆನಪಿಟ್ಟುಕೊಳ್ಳಿ.

ನಿಮ್ಮ ಪುಸ್ತಕದ ಚಿತ್ರವೂ ಹೀಗೇ ಇರಬಹುದು ಅಂತ ನನಗೆ ಅನುಮಾನ. ಕೂವೆ ನೆಟ್ಟಗೆ ನಿಂತಿದ್ದರೆ ಅದು ನಮ್ಮ ಕರಾವಳಿಯ ಹಡಗಲ್ಲ. ಪತ್ತೆಮಾರಿ, ಕೋಟಿಯಾ, ಬತೇಲಾ ಎಲ್ಲದರಲ್ಲೂ ಕೂವೆ ಮುಂದಕ್ಕೆ ವಾಲಿರುತ್ತದೆ. ಹಾಗೆ ವಾಲಿದಾಗ ಭಾರದ ಪರ್ಬಾಣ ಕೂವೆಗೆ ಉಜ್ಜದೆ, ಸ್ವಲ್ಪ ಬಿಟ್ಟು ತೂಗುತ್ತದೆ. ಹಾಯಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟಿಸಲು ಆ ಜಾಗ ಬೇಕೇ ಬೇಕು. ಪರ್ಬಾಣ ಕೂವೆಗಿಂತಲೂ ಉದ್ದ. ಅಷ್ಟುದ್ದದ ಒಂದೇ ಮರ ಸಿಗುವುದು ಕಷ್ಟವಾದ್ದರಿಂದ ಎರಡು ಮೂರು ಗಳಗಳನ್ನು ಒಂದರ ಮೇಲೊಂದು ಸರಿಸಿ ಹಗ್ಗ ಸುತ್ತಿ ಬಿಗಿದಿರುತ್ತಾರೆ. ಚಿತ್ರಕಾರರು ಆ ಸುತ್ತುಗಳನ್ನು ಬರೆದರೆ ಚಂದ ಕಾಣುತ್ತದೆ.

ಅಳಿವೆಬಾಗಿಲು

ಕೂವೆ ನಮ್ಮದೇ ಪದ. ತುಳುವಿನಲ್ಲಿ ಕುವೆ, ತಮಿಳು ಮಲಯಾಳದಲ್ಲಿ ಕೂಂಬು. ಹಾಯಿಯ ಕತೆ ಇನ್ನೂ ಸ್ವಾರಸ್ಯ: ತಮಿಳಿನಲ್ಲಿ ಪಾಯ್ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು, ಪಾಯಿ ಹಾಯಿಯಾಯಿತು. ಹೆಣೆದ ಚಾಪೆಯನ್ನೇ ಗಾಳಿಗೆ ಕಟ್ಟುತ್ತಿದ್ದ ಕಾಲದ ನೆನಪು ಆ ಪದದಲ್ಲೇ ಉಳಿದಿದೆ. ಬಟ್ಟೆಯ ಹಾಯಿ ಬಂದ ಮೇಲಿನ ಕತೆಗೆ ಮುಂಬೈಯ ಡೋಂಗ್ರಿ ಸಾಕ್ಷಿ. ಅಲ್ಲಿ ಮಾರುತ್ತಿದ್ದ ಒರಟು ಹತ್ತಿಬಟ್ಟೆ ಹಾಯಿಗೂ ಡೇರೆಗೂ ಹೋಗುತ್ತಿತ್ತು, ಅದರ ಹೆಸರೇ ಮುಂದೆ ಇಂಗ್ಲಿಷಿನಲ್ಲಿ ಡಂಗರಿ ಆಯಿತು.

ಕರಡುತಿದ್ದಿ_ಪುಣೆ

ಬಹಳ ಉಪಕಾರ. ಕರಡಿನಲ್ಲಿ ಎಲ್ಲ ಕಡೆ “ತ್ರಿಕೋನಾಕಾರದ ಹಾಯಿ” ಅಂತಿದೆ. ಅದು ಸರಿಯೇ? ಇನ್ನೊಂದು: “ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿ ಹಾಯಿಯ ಬದಿ ಬದಲಿಸಿದರು” ಎಂಬ ವಾಕ್ಯ.

ಮಝಗಾಂವ್_ಗೋದಿ

ಎರಡೂ ತಪ್ಪು. ದೂರದಿಂದ ತ್ರಿಕೋನದ ಹಾಗೆ ಕಾಣುತ್ತದೆ, ನಿಜ. ಆದರೆ ಅರಬ್ಬಿ ಸಮುದ್ರದ ಹಾಯಿಗೆ ಮುಂದಿನ ಮೂಲೆಯನ್ನು ಚೂರು ಕತ್ತರಿಸಿದಂತೆ ಒಂದು ಗಿಡ್ಡ ಅಂಚು ಇರುತ್ತದೆ. ಲೆಕ್ಕ ಹಾಕಿದರೆ ನಾಲ್ಕು ಮೂಲೆ. ಪೂರ್ತಿ ಮೂರು ಮೂಲೆಯದು ಮೆಡಿಟರೇನಿಯನ್ ಕಡೆಯದು.

ಎರಡನೆಯ ವಾಕ್ಯ ಅಪಾಯಕಾರಿ. ಇಂಥ ಹಡಗನ್ನು ಮೂತಿ ಗಾಳಿಗೆ ಕೊಟ್ಟು ತಿರುಗಿಸುವುದಿಲ್ಲ, ಬೆನ್ನು ಗಾಳಿಗೆ ಕೊಟ್ಟು ತಿರುಗಿಸುತ್ತಾರೆ. ಕ್ರಮ ಹೀಗೆ. ಚುಕ್ಕಾಣಿ ತಿರುಗಿಸಿ ಗಾಳಿ ಹಿಂಬದಿಗೆ ಬರುವ ಹಾಗೆ ಮಾಡುತ್ತಾರೆ. ದಾಮನ್ ಪೂರ್ತಿ ಬಿಡುತ್ತಾರೆ, ಹಾಯಿ ಮುಂದಕ್ಕೆ ಬಾವುಟದ ಹಾಗೆ ಹಾರುತ್ತದೆ. ಪರ್ಬಾಣದ ಕೆಳತುದಿಯನ್ನು ಕೂವೆಯ ಬುಡಕ್ಕೆ ಎಳೆದುಕೊಂಡಾಗ ಪರ್ಬಾಣ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಆಗ ಒಬ್ಬಿಬ್ಬರು ದಾಮನ್ ಹಿಡಿದು ಕೂವೆಯ ಮುಂದಿನಿಂದ ಸುತ್ತಿ ಆಚೆ ಮಗ್ಗುಲಿಗೆ ಒಯ್ಯುತ್ತಾರೆ. ಪರ್ಬಾಣದ ಕೆಳತುದಿಯೂ ಆಚೆಗೆ ಹೋಗುತ್ತದೆ. ಕೊನೆಗೆ ದಾಮನ್ ಬಿಗಿ.

ಇದರ ನಡುವೆ ಮರೆಯಬಾರದ್ದು ಕೂವೆಯ ಆಸರೆ ಹಗ್ಗಗಳು. ಯುರೋಪಿನ ಹಡಗಿನಲ್ಲಿ ಅವು ಎರಡೂ ಕಡೆ ಖಾಯಂ ಬಿಗಿದಿರುತ್ತವೆ. ನಮ್ಮಲ್ಲಿ ಗಾಳಿ ಬರುವ ಮಗ್ಗುಲಿನಲ್ಲಿ ಮಾತ್ರ. ಮಗ್ಗುಲು ಬದಲಾದಾಗ ಗಾಳಿ ಬೆನ್ನಿಗಿರುವ ಆ ಸ್ವಲ್ಪ ಹೊತ್ತಿನಲ್ಲೇ ಹಗ್ಗಗಳನ್ನೂ ಬಿಚ್ಚಿ ಆಚೆಗೆ ಕಟ್ಟಬೇಕು. ತಡವಾದರೆ ಆಸರೆಯಿಲ್ಲದ ಕೂವೆಯ ಮೇಲೆ ಹಾಯಿಯ ಪೂರ್ತಿ ಭಾರ ಬೀಳುತ್ತದೆ, ಬುಡದಲ್ಲೇ ಮುರಿಯುತ್ತದೆ.

ಇನ್ನು ಗಾಳಿ ಎದುರಿನಿಂದ ಹೊಡೆದು ಹಾಯಿ ಕೂವೆಗೆ ಅಂಟಿಕೊಂಡರೆ? ಪರ್ಬಾಣವನ್ನು ಕೂವೆಗೆ ಹಿಡಿದಿಡುವ ಹಗ್ಗದ ಬಳೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಇಳಿಸಬೇಕೆಂದರೂ ಪರ್ಬಾಣ ಇಳಿಯುವುದಿಲ್ಲ. ಎದುರುಗಾಳಿಗೆ ತಿರುಗಿಸದಿರಲು ಮುಖ್ಯ ಕಾರಣ ಇದೇ.

“ಬಿರುಗಾಳಿಗೆ ಹಾಯಿ ಮಡಚಿದರು” ಅಂತ ಎಲ್ಲಾದರೂ ಇದ್ದರೆ ಅದನ್ನೂ ನೋಡಿ. ಹಾಯಿಯನ್ನು ಅರ್ಧ ಮಡಚಿ ಕಟ್ಟುವ ಪದ್ಧತಿ ಇಲ್ಲಿ ಇರಲಿಲ್ಲ. ದೊಡ್ಡದು, ಸಣ್ಣದು ಅಂತ ಬೇರೆ ಬೇರೆ ಹಾಯಿ ಇಟ್ಟುಕೊಂಡು, ಪರ್ಬಾಣ ಇಳಿಸಿ, ದೊಡ್ಡದನ್ನು ಬಿಚ್ಚಿ ಸಣ್ಣದನ್ನು ಕಟ್ಟುತ್ತಿದ್ದರು.

ರಿಗ್ಗರ್_ವಾಸ್ಕೋ

ನೋಡ್ರಿ, ಹಡಗಿನ ಮಾತು ಹಡಗಿನ್ಯಾಗ ಅಷ್ಟ ಉಳದಿಲ್ಲ. ಕ್ರೇನ್ ನಡಿಯೂ ಯಾವ ಸೈಟಿಗೆ ಬೇಕಾದ್ರೂ ಹೋಗ್ರಿ. ಖಲಾಸಿ ಮಂದಿ ಲೋಡ್ ಎತ್ತೂ ಮುಂದ “ಹಾಬೇಸ್” ಅಂತಾರ, ಇಳಿಸೂ ಮುಂದ “ಆರ್ಯಾ” ಅಂತಾರ. ಆರ್ಯಾ ಅನ್ನೂದು ಪೋರ್ತುಗೀಸ್ ಮಾತು, ಅರ್ರಿಯಾರ್ ಅಂದ್ರ ಇಳಸು. ಹಾಯಿ ಇಳಸೂ ಆರ್ಡರ್ ಅದು. ಈಗ ಅದರ ಮ್ಯಾಲ ಗರ್ಡರ್ ಇಳಿತಾವ. “ಅಂಗಳವನ್ನು ಕೆಳಗಿಳಿಸಿದನು” ಅನ್ನೂ ಬದಲಿ ತಂಡೇಲ “ಆರ್ಯಾ!” ಅಂತ ಕೂಗಿದಾ ಅಂತ ಬರೀರಿ, ಹುಡುಗ್ರಿಗೆ ಖುಷಿ ಆಗತೈತಿ.

ಈ ಕಲಬೆರಕಿ ಭಾಷಾಕ್ಕ ಲಷ್ಕರಿ ಅಂತಾರ. ಅರಬ್ಬಿ, ಪಾರಸಿ, ಪೋರ್ತುಗೀಸ್, ಹಿಂದೂಸ್ತಾನಿ ಎಲ್ಲಾ ಕೂಡಿದ್ದು. ಬ್ಯಾರೆ ಬ್ಯಾರೆ ಊರಿನ ಖಲಾಸಿಗಳು ಒಂದ ಹಡಗಿನ್ಯಾಗ ದುಡೀಬೇಕಂದ್ರ ಎಲ್ಲಾರಿಗೂ ತಿಳಿಯೂ ಆರ್ಡರ್ ಬೇಕಲ್ರಿ. 1811ರಾಗ ಕಲಕತ್ತಾದಾಗ ಥಾಮಸ್ ರೋಬಕ್ ಅನ್ನಾಂವ ಇದರದ್ದ ಒಂದು ನಿಘಂಟು ಅಚ್ಚು ಹಾಕ್ಸಿದ. ಮುಂದಿನ ಕೂವೆಗೆ ತ್ರಿಕಟ್, ಹಿಂದಿನ ಸಣ್ಣ ಕೂವೆಗೆ ಕಲ್ಮಿ. ತ್ರಿಕಟ್ ಸೈತ ಪೋರ್ತುಗೀಸರ ಟ್ರಾಕೆಟೆಯಿಂದ ಬಂದದ್ದು.

ಮತ್ತ ನಿಮ್ಮ ಕರಡಿನ್ಯಾಗ ಎಲ್ಲಾರೂ “ನಾವಿಕ” ಇದ್ದಂಗ ಕಾಣತೈತಿ. ಹಂಗ ಬರಿಬ್ಯಾಡ್ರಿ. ನಾಖುದಾ ಹಡಗಿನ ಒಡೆಯ, ಇಲ್ಲಾ ಒಡೆಯನ ಪರವಾಗಿ ಬಂದಾಂವ. ಪಾರಸಿ ನಾವ್, ಖುದಾ ಎರಡೂ ಕೂಡಿದ್ದು, ನಾವೆಯ ಒಡೆಯ ಅಂತನ ಅರ್ಥ. ಮುಂಬೈ ಕೋಳಿ ಮಂದಿಯ ನಾಖವಾನೂ ಇದ ಮಾತು. ಸರಂಗ ಖಲಾಸಿಗಳ ಮುಖ್ಯಸ್ಥ. ತಂಡೇಲ ದೊಡ್ಡ ಹಡಗಿನ್ಯಾಗ ಅವನ ಕೈಕೆಳಗಿನಾಂವ, ಸಣ್ಣ ಮಚ್ವೆ ದೋಣ್ಯಾಗ ತಾನೇ ಯಜಮಾನ. ಸುಕ್ಕಾಣಿ ಚುಕ್ಕಾಣಿ ಹಿಡಿಯಾಂವ. ಭಂಡಾರಿ ಅಡಗಿಯಾಂವ. ಗೋವಾದಾಗ ಹಡಗಿನ ಮ್ಯಾಲ ದುಡಿಯೂ ಯಾರಿಗೇ ಆಗಲಿ ತಾರ್ವೊಟ್ಟಿ ಅಂತಾರ.

ಅಳಿವೆಬಾಗಿಲು

ಸುಕ್ಕಾಣಿ ಬಗ್ಗೆ ಒಂದು ಸೇರಿಸುತ್ತೇನೆ. ಅರಬ್ಬಿಯಲ್ಲಿ ಸುಕ್ಕಾನ್ ಅಂದರೆ ಸಾಧನ, ಸುಕ್ಕಾನಿ ಅಂದರೆ ಅದನ್ನು ಹಿಡಿಯುವವ. ಕನ್ನಡಕ್ಕೆ ಬರುವಾಗ ಆಳಿನ ಹೆಸರು ಸಾಧನಕ್ಕೆ ಅಂಟಿತು, ಹಾಗಾಗಿ ನಮಗೆ ಚುಕ್ಕಾಣಿಯೇ ಸಾಧನ. ಮಲಯಾಳದಲ್ಲಿ ಈಗಲೂ ಚುಕ್ಕಾನ್ ಸಾಧನವೇ. ಕನ್ನಡ ಪುಸ್ತಕದಲ್ಲಿ ಚುಕ್ಕಾಣಿಯನ್ನು ಸಾಧನಕ್ಕೇ ಇಡಿ, ಆಳಿಗೆ “ಚುಕ್ಕಾಣಿ ಹಿಡಿಯುವವ” ಸಾಕು.

ಪತ್ರಿಕೆಗಳ ವ್ಯಂಗ್ಯಚಿತ್ರದಲ್ಲಿ ಚುಕ್ಕಾಣಿ ಅಂದರೆ ಹಿಡಿಕೆಗಳಿರುವ ಮರದ ಚಕ್ರ. ಚುಕ್ಕಾಣಿ ಚಕ್ರವಲ್ಲ, ನೀರಿನೊಳಗೆ ಹಿಂಬದಿಯಲ್ಲಿ ತೂಗುವ ಹಲಗೆ. ಸಣ್ಣ ದೋಣಿಯಲ್ಲಿ ಆ ಹಲಗೆಯ ನೆತ್ತಿಗೆ ಒಂದು ಹಿಡಿಗೋಲು, ಅಷ್ಟೇ. ಗೋಲನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ಹೋಗುತ್ತದೆ. ಹೊಸಬರು ಮೊದಲ ದಿನ ತಪ್ಪುವುದು ಇಲ್ಲೇ.

ಸದಾಶಿವಗಡದಾಚೆ

ಗೋವಾದ ಕಾಣಕೋಣದಿಂದ ಒಂದು ಮಾತು. ಪುಸ್ತಕದಲ್ಲಿ ಬರೀ ದೊಡ್ಡ ಹಡಗುಗಳೇ ಇದ್ದರೆ ಅರ್ಧ ಕರಾವಳಿ ಬಿಟ್ಟಂತೆ. ಒಂದೇ ಮರ ಕೊರೆದು ಮಾಡಿದ ಪಾತಿ ದೋಣಿ, ಅದರ ಒಂದು ಪಕ್ಕಕ್ಕೆ ಎರಡು ಬಾಗಿದ ಗಳ, ಗಳದ ತುದಿಗೆ ನೀರಿನ ಮೇಲೆ ತೇಲುವ ಮರದ ದಿಮ್ಮಿ. ಆ ದಿಮ್ಮಿಯ ಹೆಸರು ಉಲಾಂಡಿ. ರತ್ನಾಗಿರಿಯಿಂದ ಕಾರವಾರದವರೆಗೆ ಇದೇ ಹೆಸರು. ಅಗಲ ಕಡಿಮೆಯಿರುವ ದೋಣಿ ಮಗುಚದ ಹಾಗೆ ಹಿಡಿಯುವುದು ಅದರ ಕೆಲಸ. ಗಳಗಳನ್ನು ದೋಣಿಗೆ ಹಗ್ಗದಲ್ಲೇ ಕಟ್ಟುತ್ತಾರೆ, ಮೊಳೆ ಹೊಡೆಯುವುದಿಲ್ಲ. ಅಲೆ ಬಡಿದಾಗ ಹಗ್ಗ ಸ್ವಲ್ಪ ಜಗ್ಗಿ ತಾಳಿಕೊಳ್ಳುತ್ತದೆ. ಮೊಳೆಯಾದರೆ ಮರವೇ ಸೀಳುತ್ತದೆ.

ಹೊಲಿದ ಹಡಗೂ ಇದೇ ತರ್ಕ. ಗೋವಾದಲ್ಲೇ ಕಟ್ಟಿದ, ನೌಕಾಪಡೆಯ ಕೌಂಡಿನ್ಯವನ್ನು ಎಲ್ಲರೂ ಸುದ್ದಿಯಲ್ಲಿ ನೋಡಿರುತ್ತೀರಿ. ಅಜಂತಾದ ಚಿತ್ರವೊಂದನ್ನು ಆಧರಿಸಿ ಮಾಡಿದ್ದು. 2025ರ ಮೇ 21ರಂದು ಕಾರವಾರದಲ್ಲಿ ಪಡೆಗೆ ಸೇರಿತು, ಅದೇ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಹಲಗೆಗಳನ್ನು ಮೊಳೆಯಿಂದಲ್ಲ, ತೆಂಗಿನ ನಾರಿನ ಹುರಿಯಿಂದ ಜೋಡಿಸಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ! ಬಸ್ಸಿನ ಮೇಲೆ ನೋಡಿದ್ದು ಕಡಲ ಮೇಲೆ ಹೊರಟಿತು. ಆ ಹಾಯಿ ಚೌಕದ್ದು, ಪರ್ಬಾಣ ಅಡ್ಡಕ್ಕೆ ತೂಗುತ್ತದೆ. ಚುಕ್ಕಾಣಿಯೂ ಇಲ್ಲ, ಹಿಂಬದಿಯ ಎರಡು ದೊಡ್ಡ ಹುಟ್ಟುಗಳಿಂದಲೇ ದಾರಿ ತಿದ್ದಬೇಕು. ಹಾಗಾಗಿ ಮೇಲೆ ಗೋದಿಯವರು ಬರೆದ ಪತ್ತೆಮಾರಿಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಪುಸ್ತಕದಲ್ಲಿ ಎರಡನ್ನೂ ಒಂದೇ ಪುಟಕ್ಕೆ ಹಾಕಿ “ಪ್ರಾಚೀನ ಹಡಗು” ಅನ್ನಬೇಡಿ.

ಹೊಲಿಗೆಯ ಕೆಲಸ ಹತ್ತಿರದಿಂದ ಹೀಗೆ. ಎರಡು ಹಲಗೆಗಳ ಅಂಚನ್ನು ಸಂದಿಲ್ಲದ ಹಾಗೆ ಹೊಂದಿಸುತ್ತಾರೆ. ಎರಡೂ ಅಂಚಿನ ಉದ್ದಕ್ಕೂ ಜೋಡಿ ತೂತು. ಕೂಡುಗೆರೆಯ ಮೇಲೆ ತೆಂಗಿನ ನಾರಿನ ದಪ್ಪ ಸುರುಳಿ ಇಟ್ಟು, ಅದನ್ನು ಒಳಗೆ ಸೇರಿಸಿಕೊಂಡು ಹುರಿಯಿಂದ ಹೊಲಿಯುತ್ತಾರೆ. ಒಬ್ಬ ಒಳಗೆ, ಒಬ್ಬ ಹೊರಗೆ. ಪ್ರತಿ ಸುತ್ತನ್ನೂ ಗೋಲು ಹಾಕಿ ಮೀಟಿ ಬಿಗಿಯಬೇಕು. ಒಂದು ಸುತ್ತು ಸಡಿಲವಾದರೆ ಪಕ್ಕದ ಹತ್ತು ಸುತ್ತುಗಳ ಮೇಲೆ ಭಾರ ಬೀಳುತ್ತದೆ. ಆಮೇಲೆ ತೂತುಗಳಿಗೆ ನಾರು ತುರುಕಿ ರಾಳ ಮೆತ್ತಿ, ಇಡೀ ಮೈಗೆ ಮೀನೆಣ್ಣೆ. ಅಲೆ ಒಡೆಯುವ ದಂಡೆಗೆ ನೇರ ಎಳೆದು ತರುವ ದೋಣಿಗೆ ಇದರಷ್ಟು ಒಳ್ಳೆಯದಿಲ್ಲ. ನೆಲಕ್ಕೆ ಬಡಿದರೆ ಬಾಗುತ್ತದೆ, ಒಡೆಯುವುದಿಲ್ಲ. ಬದಲಿಗೆ ನೀರು ಜಿನುಗುತ್ತಲೇ ಇರುತ್ತದೆ, ಒಬ್ಬ ಮೊಗೆಯುತ್ತಲೇ ಇರಬೇಕು, ಹೊಲಿಗೆಯನ್ನು ಮತ್ತೆ ಮತ್ತೆ ಹೊಸದು ಮಾಡಬೇಕು. ನಾರಿನ ಹುರಿಗೆ ಉಪ್ಪುನೀರು ಒಗ್ಗುತ್ತದೆ, ಸಿಹಿನೀರು ತಾಗಿ ಒಣಗದೆ ಉಳಿದರೆ ಕೊಳೆಯುತ್ತದೆ. ಮಳೆಗಾಲದಲ್ಲಿ ದೋಣಿಯನ್ನು ಮೇಲೆ ಎಳೆದು ತೆಂಗಿನ ಗರಿಯ ಮಾಡಿನಡಿ ಇಡುವುದು ಇದಕ್ಕೇ.

ಮಝಗಾಂವ್_ಗೋದಿ

ಮೊಳೆ ಹೊಡೆದ ಹಡಗಿಗೆ ಹೊಲಿಗೆ ಬೇಡ, ಕಲಾಪತ್ತು ಬೇಕು, ಅಂದರೆ ಹಲಗೆಗಳ ಸಂದಿ ಮುಚ್ಚುವ ಕೆಲಸ. ಪೋರ್ತುಗೀಸರ ಕಲಫಾಟೆ, ಅರಬ್ಬರ ಕಲಾಫತ್, ಕೇರಳದ ಬೇಪೂರಿನ ಕಲಾಪತ್ತು ಎಲ್ಲ ಒಂದೇ ಬಳ್ಳಿ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಬತ್ತಿಯ ಹಾಗೆ ಹೊಸೆದು, ಮೊಂಡು ಉಳಿಯಿಂದ ಹಲಗೆಯ ಸಂದಿಗೆ ಕೊಡತಿಯಲ್ಲಿ ಬಡಿಯುವುದು, ಮೇಲೆ ರಾಳ ಎಣ್ಣೆ ಕಲಸಿದ ಲೇಪ. ಒಣ ಹಲಗೆಗೆ ಜಾಸ್ತಿ ಬಡಿಯಬಾರದು. ನೀರಿಗಿಳಿದ ಮೇಲೆ ಮರ ಉಬ್ಬುತ್ತದೆ, ಹತ್ತಿಗೆ ಹೋಗಲು ಜಾಗವಿಲ್ಲ, ಆಗ ಹಲಗೆಯೇ ಪಕ್ಕೆಲುಬಿನಿಂದ ಕಿತ್ತು ಬರುತ್ತದೆ. ಕಡಿಮೆ ಬಡಿದರೆ ಅಲೆಯ ಒದ್ದಾಟಕ್ಕೆ ಹತ್ತಿ ಹೊರಗೆ ಬಂದು ಬಾಲದ ಹಾಗೆ ನೇತಾಡುತ್ತದೆ. ನೀರಿನಡಿಯ ಭಾಗಕ್ಕೆ ಸುಣ್ಣ, ಕೊಬ್ಬು ಅಥವಾ ಎಣ್ಣೆ ಕಲಸಿ ಬಳಿಯುವುದು ಮರ ಕೊರೆಯುವ ಹುಳಕ್ಕೆ.

ತೇಗವಾದರೆ ಇನ್ನೊಂದು ಲಾಭ: ಅದರ ಎಣ್ಣೆ ಕಬ್ಬಿಣದ ಮೊಳೆಯನ್ನು ಕಾಪಾಡುತ್ತದೆ, ಓಕ್ ಮರದ ಹುಳಿ ತಿನ್ನುತ್ತದೆ. ಮುಂಬೈ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹಡಗು ಕಟ್ಟುವ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ, 1817ರಲ್ಲಿ ನೀರಿಗಿಳಿದ ಟ್ರಿಂಕೊಮಲಿ ಹಡಗು ಇಂಗ್ಲೆಂಡಿನಲ್ಲಿ ಇವತ್ತಿಗೂ ತೇಲುತ್ತಿದೆ.

ವೀರಗಲ್ಲು_ಬೋರಿವಲಿ

ಒಂದು ಆಕ್ಷೇಪ. ಹಡಗಿನ ಜಾತಿ ಹೇಳದೆ ಭಾಗಗಳ ಹೆಸರು ಮಾತ್ರ ಹೇಳಿದರೆ ಓದುವವರಿಗೆ ಕಣ್ಣಿಗೆ ಕಟ್ಟುವುದಿಲ್ಲ. ಮರಾಠಾ ನೌಕಾದಳದ ಪುಟ ಇದ್ದೇ ಇರುತ್ತದೆ ಅಂದುಕೊಳ್ಳುತ್ತೇನೆ. ಅಲ್ಲಿ ಗುರಾಬ, ಗಲಬತ್ ಎರಡನ್ನೂ “ಯುದ್ಧನೌಕೆ” ಅಂತ ಮುಗಿಸಬೇಡಿ. ಗುರಾಬ ದೊಡ್ಡದು: ಎರಡು ಕೂವೆಯದು 150 ಟನ್‌ವರೆಗೆ, ಮೂರು ಕೂವೆಯದು 300 ಟನ್ ಹತ್ತಿರ. ಹೆಸರು ಅರಬ್ಬಿಯ ಕಾಗೆಯಿಂದ ಬಂದದ್ದು. ಗಲಬತ್ ಹುಟ್ಟು ಹಾಕುವ ಹಗುರ ದೋಣಿ, 70 ಟನ್ ಮೀರುವುದು ಅಪರೂಪ, 40ರಿಂದ 50 ಹುಟ್ಟು. ಗಾಳಿ ನಿಂತುಹೋದಾಗ ಗಲಬತ್‌ಗಳೇ ಗುರಾಬವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಗಾಳಿಯಿಲ್ಲದೆ ನಿಂತ ಶತ್ರುವಿನ ಹಿಂಬದಿಗೆ ಹೋಗಿ ಹೊಡೆಯಲು ಅನುಕೂಲವಾಗಿದ್ದು ಇದರಿಂದಲೇ.

ಇನ್ನೂ ಹಿಂದಿನದು ಬೇಕಿದ್ದರೆ ಬೋರಿವಲಿಯ ಎಕ್ಸರ್‌ನಲ್ಲಿ ವೀರಗಲ್ಲುಗಳಿವೆ, ಸಾಲು ಹುಟ್ಟುಗಳ ಹಡಗುಗಳ ಕಾಳಗ ಕಲ್ಲಿನಲ್ಲಿದೆ. ಕದಂಬರ ಕಾಲದ ಇಂಥ ಕಲ್ಲು ಗೋವಾದಲ್ಲೂ ಇದೆ. ಚಿತ್ರಕಾರರು ಸಿನಿಮಾ ನೋಡಿ ಬರೆಯುವ ಬದಲು ಇವನ್ನು ನೋಡಲಿ.

ಸರಕಿನ ಹಡಗಿನಲ್ಲಿ ಪತ್ತೆಮಾರಿ, ಮಂಜಿ, ಪಡಾವು, ಮಚ್ವೆ ಇಷ್ಟು ಹೆಸರು ಕನ್ನಡದವರಿಗೆ ಗೊತ್ತಿರುವಂಥವು. ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವುದು ಮಂಜಿ.

ಕರಡುತಿದ್ದಿ_ಪುಣೆ

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೆರಡು ಅನುಮಾನ. “ಹಡಗು ಎಂಟು ಗಂಟುಗಳ ವೇಗದಲ್ಲಿ ಸಾಗಿತು” ಎಂಬಲ್ಲಿ ಗಂಟು ಇಡಬಹುದೇ? “ಆರು ಫ್ಯಾದಮ್ ಆಳ” ಎಂಬುದಕ್ಕೆ ಏನು?

ಅಳಿವೆಬಾಗಿಲು

ಎರಡನೆಯದಕ್ಕೆ ಕನ್ನಡ ಸಿದ್ಧವಾಗಿದೆ: ಮಾರು. ಎರಡೂ ಕೈ ಚಾಚಿದಷ್ಟು ಉದ್ದ, ನಾಲ್ಕು ಮೊಳ, ಆರು ಅಡಿ. ಫ್ಯಾದಮ್ ಕೂಡ ಅದೇ ಆರು ಅಡಿ, 1.83 ಮೀಟರ್. ಹಗ್ಗ ಮೇಲೆಳೆಯುತ್ತಾ ತೋಳು ಚಾಚಿ ಚಾಚಿ ಅಳೆಯುವ ಕ್ರಮದಿಂದಲೇ ಎರಡೂ ಕಡೆ ಅದೇ ಅಳತೆ ಹುಟ್ಟಿದ್ದು. “ಆರು ಮಾರು ಆಳ” ಅಂತ ಧೈರ್ಯವಾಗಿ ಬರೆಯಿರಿ.

ಆಳ ನೋಡುವುದು ಸೀಸದ ಗುಂಡು ಕಟ್ಟಿದ ಹಗ್ಗದಿಂದ. ಗುಂಡಿನ ಬುಡದಲ್ಲಿ ಒಂದು ಕುಳಿ, ಅದಕ್ಕೆ ಕೊಬ್ಬು ತುಂಬುತ್ತಾರೆ. ಮೇಲೆ ಬಂದಾಗ ಕೊಬ್ಬಿಗೆ ಕೆಸರೋ ಮರಳೋ ಚಿಪ್ಪೋ ಅಂಟಿರುತ್ತದೆ. ಲಂಗರು ಕೆಸರಿನಲ್ಲಿ ಕಚ್ಚುತ್ತದೆ, ಬರೀ ಬಂಡೆಯ ಮೇಲೆ ಜಾರುತ್ತದೆ, ಹಾಗಾಗಿ ಆಳದಷ್ಟೇ ಈ ಸುದ್ದಿಯೂ ಮುಖ್ಯ.

ಲಂಗರಿನ ಹಗ್ಗದ ಲೆಕ್ಕವನ್ನು ಮುಂಬೈಯಲ್ಲಿ ತಪ್ಪುವವರು ಬಹಳ. ಇಳಿತದ ಹೊತ್ತಿಗೆ ನಿಂತಿದ್ದೀರಿ, ನೀರು 4 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಒಟ್ಟು 5, ಅದರ ಐದು ಪಟ್ಟು 25 ಮೀಟರ್ ಹಗ್ಗ ಬಿಟ್ಟು ಮಲಗಿದಿರಿ. ಹುಣ್ಣಿಮೆಯ ಉಬ್ಬರಕ್ಕೆ ಆರು ಗಂಟೆಯಲ್ಲಿ ನೀರು 4.5 ಮೀಟರ್ ಏರಿತು. ಈಗ ಒಟ್ಟು 9.5, ಹಗ್ಗ ಅದೇ 25. ಐದು ಪಟ್ಟು ಇದ್ದದ್ದು ಎರಡೂವರೆಗೆ ಇಳಿಯಿತು. ಹಗ್ಗ ಓರೆಯಾಗಿ ಎಳೆಯುವ ಬದಲು ಮೇಲಕ್ಕೆ ಎತ್ತುತ್ತದೆ, ಲಂಗರು ಕಿತ್ತು ಬರುತ್ತದೆ, ದೋಣಿ ತೇಲುತ್ತಾ ಪಕ್ಕದವನ ಮೇಲೆ. ಲೆಕ್ಕ ಯಾವಾಗಲೂ ಉಬ್ಬರದ ಎತ್ತರಕ್ಕೆ: 9.5ರ ಐದು ಪಟ್ಟು 47.5 ಮೀಟರ್. ಸರಪಳಿಯಿಲ್ಲದ ಬರೀ ಹಗ್ಗವಾದರೆ ಏಳು ಪಟ್ಟು, ಅಂದರೆ 66.5.

ರಿಗ್ಗರ್_ವಾಸ್ಕೋ

ಗಂಟು ಬ್ಯಾಡ್ರಿ, ನಾಟ್ ಅಂತನ ಇಡ್ರಿ. ಗಂಟು ಅಂದ್ರ ಹುಡುಗರು ಗಂಟೆ ಅಂತ ಓದ್ತಾರ. ಬೇಕಂದ್ರ ಪಕ್ಕದಾಗ ಒಂದು ಡಬ್ಬಿ ಮಾಡಿ ಹೇಳ್ರಿ: ಹಗ್ಗಕ್ಕ 47 ಅಡಿ 3 ಇಂಚಿಗೊಂದು ಗಂಟು ಹಾಕಿ, ತುದಿಗೆ ಹಲಗಿ ಕಟ್ಟಿ ನೀರಿಗೆ ಬಿಡ್ತಿದ್ರು. 28 ಸೆಕೆಂಡಿನ ಮರಳಗಡಿಯಾರ ಖಾಲಿ ಆಗೂದ್ರಾಗ ಕೈಯಾಗಿಂದ ಎಷ್ಟು ಗಂಟು ಜಾರಿದ್ವೋ ಅಷ್ಟು ನಾಟ್. ಒಂದು ನಾಟ್ ಅಂದ್ರ ತಾಸಿಗೆ 1.852 ಕಿಲೋಮೀಟರ್. “ತಾಸಿಗೆ ಎಂಟು ನಾಟ್” ಅಂತ ಮಾತ್ರ ಬರೀಬ್ಯಾಡ್ರಿ, ನಾಟ್‌ನ್ಯಾಗ ತಾಸು ಬಂದ ಬಿಟ್ಟಿರತೈತಿ.

ವೀರಗಲ್ಲು_ಬೋರಿವಲಿ

ಉಬ್ಬರದ ಮಾತು ಬಂತಲ್ಲ, ಕೋಳಿ ಮೀನುಗಾರರ ತಿಥಿ ಲೆಕ್ಕ ಪುಸ್ತಕದಲ್ಲಿ ಹಾಕಲೇಬೇಕು. ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಪೂರ್ತಿ ಭರತಿ, ಅಂದರೆ ಉಬ್ಬರ. ಅಷ್ಟಮಿಯಾದರೆ 8ರ ಮುಕ್ಕಾಲು 6, ಬೆಳಿಗ್ಗೆ ಸಂಜೆ ಆರರ ಸುಮಾರಿಗೆ. ಚೌತಿಯಾದರೆ 3. ದಿನಕ್ಕೆ 48 ನಿಮಿಷದಂತೆ ಹಿಂದೆ ಬೀಳುವುದಕ್ಕೆ ಇದು ಸುಲಭದ ಸೂತ್ರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಭರತಿಗೆ ಉಧಾಣ, ಅಷ್ಟಮಿಯ ಹೊತ್ತಿನ ಮಂದ ಭರತಿಗೆ ಭಾಂಗ.

ಸದಾಶಿವಗಡದಾಚೆ

ಇದನ್ನು ಎಲ್ಲ ಊರಿಗೂ ಅನ್ವಯಿಸಬೇಡಿ. ಸೂತ್ರ ಮುಂಬೈಯದು, ಬೇರೆ ಬಂದರಿನಲ್ಲಿ ಗಂಟೆ ಸರಿಯುತ್ತದೆ. ಎತ್ತರವೂ ಬೇರೆ: ಮುಂಬೈಯ ಉಧಾಣ 4 ಮೀಟರ್ ದಾಟುತ್ತದೆ, ಗೋವಾದಲ್ಲಿ ಸುಮಾರು 2 ಮೀಟರ್. ನಮ್ಮ ಕಡೆ ಎತ್ತರಕ್ಕಿಂತ ಅಳಿವೆಯ ಮರಳದಿಬ್ಬದ ಚಿಂತೆ ಜಾಸ್ತಿ. ಮಳೆಗಾಲದಲ್ಲಿ ಆಗ್ವಾದ ಬಳಿ ಮಾಂಡವಿ ನದಿಯ ಬಾಯಿ ಕಟ್ಟಿಕೊಂಡಾಗ ಅದಿರಿನ ಬಾರ್ಜ್‌ಗಳು ಕುಂಬಾರಜುವೆ ಕಾಲುವೆಯಲ್ಲಿ ನುಗ್ಗಿ ಜುವಾರಿ ನದಿಗೆ ಹೋಗುತ್ತಿದ್ದದ್ದು ಇದಕ್ಕೇ.

ಗಾಳಿಯ ಹೆಸರು ಯಾರೂ ಹೇಳಲಿಲ್ಲ. ರಾತ್ರಿಯಿಂದ ಬೆಳಗಿನ ತನಕ ನೆಲದಿಂದ ಬೀಸುವುದು ಮರಾಠಿಯಲ್ಲಿ ಮತಲಯಿ, ಹಗಲು ಕಡಲಿನಿಂದ ಬರುವುದು ಖಾರಾ ವಾರಾ. ತುಳುವರ ಮೂಡಾಯಿ, ಪಡ್ಡಾಯಿ ಗಾಳಿ ಅಂದರೂ ಹೆಚ್ಚುಕಡಿಮೆ ಅದೇ. ಹಾಯಿದೋಣಿ ನಸುಕಿನಲ್ಲಿ ಹೊರಟು ಮಧ್ಯಾಹ್ನ ಮರಳುವುದು ಈ ಜೋಡಿಯನ್ನು ನಂಬಿ.

ಅಳಿವೆಬಾಗಿಲು

ದಿಕ್ಕಿನ ಪುಟಕ್ಕೆ ಕಮಾಲ್ ಎಂಬ ನಕ್ಷತ್ರದ ಎತ್ತರ ಅಳೆಯುವ ಸಾಧನ ಸೇರಿಸಿ, ಮಕ್ಕಳು ರಟ್ಟಿನಲ್ಲಿ ಮಾಡಿ ನೋಡಬಹುದು. ಅಂಗೈಯಗಲದ ಒಂದು ಹಲಗೆ, ನಡುವಿನಲ್ಲಿ ದಾರ, ದಾರದಲ್ಲಿ ಊರಿಗೊಂದರಂತೆ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರ ಬಿಗಿಯಾಗಿ ಚಾಚಿ, ಹಲಗೆಯ ಕೆಳಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ಸರಿಹೊಂದಿದರೆ ಆ ಗಂಟಿನ ಊರಿನ ಸಾಲಿಗೆ, ಅಂದರೆ ಅದರ ಅಕ್ಷಾಂಶಕ್ಕೆ, ಬಂದಿದ್ದೀರಿ ಅಂತ. ಧ್ರುವ ಮುಂಬೈಯಲ್ಲಿ ಸುಮಾರು 19 ಡಿಗ್ರಿ ಎತ್ತರ, ಗೋವಾದಲ್ಲಿ 15.5, ಮಂಗಳೂರಿನಲ್ಲಿ 13. ಅರಬ್ಬರು ಇದನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಒಂದು ಬೆರಳು ಅಂದರೆ ಒಂದೂವರೆ ಡಿಗ್ರಿಗೆ ಸ್ವಲ್ಪ ಜಾಸ್ತಿ. ಹಾಗೆ ನೋಡಿದರೆ ಮುಂಬೈಯಿಂದ ಗೋವಾಕ್ಕೆ ಎರಡು ಬೆರಳಿನ ದಾರಿ. ದಾರ ಗಿಡ್ಡವಾದಷ್ಟೂ ಹಲಗೆ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಮುಂಬೈಯ ಗಂಟು ಹಲಗೆಗೆ ಹತ್ತಿರ, ಮಂಗಳೂರಿನದು ದೂರ. ಚಿತ್ರದಲ್ಲಿ ತಿರುವುಮುರುವು ಆದೀತು, ಜಾಗ್ರತೆ.

ಮಝಗಾಂವ್_ಗೋದಿ

ಎಡಬಲದ ಬಗ್ಗೆ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಡಗಿನಲ್ಲಿ ಎಡ ಅಂದರೆ ನಿಮ್ಮ ಎಡವಲ್ಲ, ಹಡಗಿನ ಎಡ. ಮೂತಿಯ ಕಡೆ ಮುಖ ಮಾಡಿ ನಿಂತಾಗ ಬರುವ ಎಡ. ಹಿಂದಕ್ಕೆ ತಿರುಗಿ ನಿಂತರೂ ಅದು ಬದಲಾಗುವುದಿಲ್ಲ. ಲಷ್ಕರಿಯಲ್ಲಿ ಎಡಕ್ಕೆ ದಾವಾ, ಬಲಕ್ಕೆ ಜಮ್ನಾ. ಕನ್ನಡಕ್ಕೆ ಎಡಮಗ್ಗುಲು, ಬಲಮಗ್ಗುಲು ಸಾಕು. ರಾತ್ರಿ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ.

ಕರಡುತಿದ್ದಿ_ಪುಣೆ

ತಿದ್ದಿದ ಸಾಲು ಹೀಗಿದೆ, ನೋಡಿ: “ಗಾಳಿ ಬೆನ್ನಿಗಿತ್ತು, ಹಾಯಿ ಮುಂದಕ್ಕೆ ಉಬ್ಬಿತ್ತು. ಇದ್ದಕ್ಕಿದ್ದಂತೆ ಗಾಳಿ ಜೋರಾಯಿತು. ‘ಆರ್ಯಾ!’ ಎಂದು ತಂಡೇಲ ಕೂಗಿದ. ಇಬ್ಬರು ಖಲಾಸಿಗಳು ದಾಮನ್ ಸಡಿಲಿಸಿದರು, ಉಳಿದವರು ಪರ್ಬಾಣ ಇಳಿಸಿದರು. ದೊಡ್ಡ ಹಾಯಿ ಬಿಚ್ಚಿ ಸಣ್ಣದನ್ನು ಕಟ್ಟಿದರು.” ಈ ಪುಟದ ಚಿತ್ರವನ್ನೂ ಹಾಕಿದ್ದೇನೆ. ಕೂವೆಯನ್ನು ಮುಂದಕ್ಕೆ ವಾಲಿಸಿದ್ದಾರೆ, ಪರ್ಬಾಣದ ಹಗ್ಗದ ಸುತ್ತುಗಳೂ ಇವೆ.

ರಿಗ್ಗರ್_ವಾಸ್ಕೋ

ಸಾಲು ಭಾರಿ ಆಗೈತ್ರಿ. ಚಿತ್ರದಾಗ ಬಾವುಟ ನೋಡ್ರಿ ಒಮ್ಮೆ. ಹಾಯಿ ಮುಂದಕ್ಕ ಉಬ್ಬೈತಿ, ಬಾವುಟ ಹಿಂದಕ್ಕ ಹಾರಾಕತ್ತೈತಿ. ಗಾಳಿ ಬೆನ್ನಿಗಿದ್ರ ಬಾವುಟನೂ ಮುಂದಕ್ಕ ಹಾರಬೇಕು.

ಕರಡುತಿದ್ದಿ_ಪುಣೆ

ಅಯ್ಯೋ, ಹೌದಲ್ಲ! ಒಳಗಿನ ಚಿತ್ರಗಳಲ್ಲಿ ಇನ್ನೂ ಆರು ಬಾವುಟಗಳಿವೆ, ಎಲ್ಲವೂ ಹಿಂದಕ್ಕೇ. ಚಿತ್ರಕಾರರಿಗೆ ಈಗಲೇ ಫೋನ್ ಮಾಡುತ್ತೇನೆ.